ಶಾಲೆಯವರು ‘ಸೇರಿಸಿಕೊಳ್ಳಲ್ಲ’ ಎಂದರೆ ಏನು ಮಾಡಬೇಕು?

‘ಇಂಥ ಮಗೂನ ನಮ್ಮ ಕೈಲಿ ನೋಡ್ಕೊಳ್ಳೋಕೆ ಆಗಲ್ಲ, ವಿಶೇಷ ಶಾಲೆಗೆ ಹಾಕಿ.’ ಅಂಗವಿಕಲ ಮಗುವನ್ನು ಸೇರಿಸಲು ಬಂದವರಿಗೆ ಶಾಲೆಯವರು ಹೀಗೆ ಬಾಯಲ್ಲಿ ಹೇಳುವುದು ಸುಲಭ. ಬರೆದು ಸಹಿ ಹಾಕಿ ಕೊಡುವುದು ಕಷ್ಟ, ಏಕೆಂದರೆ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಆದ್ದರಿಂದ ತುಮಕೂರು ಜಿಲ್ಲೆಯ ಅಪ್ಪ ಅಮ್ಮಂದಿರಿಗೆ ನನ್ನ ಮೊದಲ ಮಾತು ಇದು: ಏನೇ ಕೇಳಿದರೂ ಬರವಣಿಗೆಯಲ್ಲೇ ಕೇಳಿ.

1. ಅರ್ಜಿ ಕೊಡಿ, ಹಿಂಬರಹ ಕೇಳಿ

ಮುಖ್ಯ ಶಿಕ್ಷಕರ ಹೆಸರಿಗೆ ಅರ್ಜಿ ಬರೆಯಿರಿ. ಮಗುವಿನ ವಯಸ್ಸು, ತೊಂದರೆ, ಶಾಲೆಯಲ್ಲಿ ಬೇಕಾದ ಅನುಕೂಲ, ಎಲ್ಲವೂ ಅದರಲ್ಲಿರಲಿ. ರ‍್ಯಾಂಪ್, ಮುಂದಿನ ಬೆಂಚು, ದೊಡ್ಡ ಅಕ್ಷರದ ಪುಸ್ತಕ, ಹೀಗೆ ಬಿಡಿಸಿ ಬರೆಯಿರಿ. ‘ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಸೆಕ್ಷನ್ 16’ ಎಂದು ಸೇರಿಸಿ. ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಯೂ ಭೇದ ಮಾಡದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ ಅದು.

ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ‘ಆಗಲ್ಲ’ ಎಂದರೆ, ‘ಹಿಂಬರಹ ಕೊಡಿ ಸಾರ್’ ಎಂದು ಕೇಳಿ. ಹಿಂಬರಹ ಎಂದರೆ ಅರ್ಜಿಗೆ ಬರೆದು ಸಹಿ ಹಾಕಿ ಕೊಡುವ ಉತ್ತರ. ಎಷ್ಟೋ ಸಲ ಅಲ್ಲಿಗೇ ಮಾತಿನ ಧಾಟಿ ಬದಲಾಗುತ್ತದೆ. ಅರ್ಜಿಯನ್ನೇ ಮುಟ್ಟದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ.

2. ಕಾರ್ಡಿಗಾಗಿ ಕಾಯಬೇಡಿ

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬಂದ ಮೇಲೆ ಸೇರಿಸೋಣ ಎಂದು ವರ್ಷ ಕಳೆಯಬೇಡಿ. ದಾಖಲಾತಿಗೆ ಅದು ಷರತ್ತಲ್ಲ. 6ರಿಂದ 14 ವರ್ಷದ ಮಗುವಾದರೆ ವಯಸ್ಸಿನ ದಾಖಲೆ ಇಲ್ಲ, ಟಿಸಿ ಬಂದಿಲ್ಲ, ಜೂನ್ ಮುಗಿಯಿತು ಎಂಬ ನೆಪಗಳಿಗೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅವಕಾಶ ಕೊಡುವುದಿಲ್ಲ.

ಹಾಗಂತ ಕಾರ್ಡ್ ಬಿಡಬೇಡಿ. ಶೇ 40 ಅಥವಾ ಜಾಸ್ತಿ ವೈಕಲ್ಯ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪುಸ್ತಕ, ಕಲಿಕೆಯ ಸಾಧನಗಳೂ 18ರವರೆಗೆ ಉಚಿತ. ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ.

3. ‘ಮನೆಯಲ್ಲೇ ಕಲಿಯಲಿ’ ಎಂದರೆ

ಇಲ್ಲಿ ಹುಷಾರಾಗಿರಿ. ತೀವ್ರ ವೈಕಲ್ಯ ಅಥವಾ ಬಹುವಿಧ ವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು, ನಿಜ. ಆದರೆ ಆಯ್ಕೆ ಮಗುವಿನದು, ನಿಮ್ಮದು, ಶಾಲೆಯದಲ್ಲ. ವಿಶೇಷ ಶಾಲೆಯ ವಿಷಯವೂ ಹಾಗೆಯೇ. ಓಡಾಟವೇ ಸಮಸ್ಯೆಯಾದರೆ ಸಾರಿಗೆ ಸೌಲಭ್ಯ ಕೇಳಿ, ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 16ರಲ್ಲಿ ಅದೂ ಇದೆ. ನೆರೆಮನೆಯ ಮಕ್ಕಳ ಜೊತೆ ಕೂತು ಬಿಸಿಯೂಟ ಉಣ್ಣುವುದೂ ಕಲಿಕೆಯೇ ಅಲ್ವಾ? ಅದನ್ನು ಸುಮ್ನೆ ಬಿಟ್ಟುಕೊಡಬೇಡಿ.

ಸೇರಿದ ಮೇಲೆ ತಾಲ್ಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನು ಕಾಣಿ. ಇಂಥ ಮಕ್ಕಳ ಕಲಿಕೆಗೆ ನೆರವಾಗುವುದೇ ಅವರ ಕೆಲಸ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಭಾಷಾ ವಿಷಯದ ವಿನಾಯಿತಿ ಬೇಕಿದ್ದರೆ ಮುಖ್ಯ ಶಿಕ್ಷಕರಿಗೆ ಮೊದಲೇ ಬರೆದು ಕೊಡಿ.

4. ದೂರು ಯಾರಿಗೆ?

ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯವರು ಮಧುಗಿರಿಯ ಡಿಡಿಪಿಐ ಕಚೇರಿಗೆ ಹೋಗಬೇಕು. ಪಾವಗಡದಿಂದ ತುಮಕೂರಿಗೆ ಬಂದು ವಾಪಸ್ ಹೋದರೆ ಒಂದು ದಿನದ ಕೂಲಿಯೇ ಹೋಯಿತು. ಉಳಿದ ಆರು ತಾಲ್ಲೂಕಿನವರಿಗೆ ತುಮಕೂರು.

ಅಲ್ಲೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರವಿದೆ. ಅರ್ಜಿಯ ಪ್ರತಿ, ಹಿಂಬರಹ ಅಥವಾ ಪೋಸ್ಟಿನ ರಸೀದಿಯ ಜೆರಾಕ್ಸ್ ಲಗತ್ತಿಸಿ. ದೂರು ಕೊಟ್ಟ ಸಿಟ್ಟಿಗೆ ಮಗುವನ್ನು ಶಾಲೆಯಿಂದ ತೆಗೆಯುವಂತಿಲ್ಲ: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 16 ಹೇಳುತ್ತದೆ.