ಕಲಬುರಗಿ ಬಿಸಿಲಲ್ಲಿ ಪಿನೊ ನ್ವಾರ್: ತರುವುದು, ಇಡುವುದು, ಸುರಿಯುವುದು

ರೆಡ್ ವೈನನ್ನು ಫ್ರಿಜ್‌ನಲ್ಲಿ ಇಡಬಾರದು, ರೂಮಿನ ಬಿಸಿಯಲ್ಲೇ ಕುಡಿಯಬೇಕು ಎಂಬ ಮಾತನ್ನು ಕಲಬುರಗಿಯಲ್ಲಿ ಪಾಲಿಸಲು ಹೋಗಬೇಡಿ. ಆ ರೂಮು ಯುರೋಪಿನ ಹಳೇ ಕಲ್ಲುಮನೆಯದು, 16–18 ಡಿಗ್ರಿಯದು. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಶಹಾಬಾದ್ ಫರಸಿ ಹಾಸಿದ ಪಡಸಾಲೆಯೂ 30 ದಾಟಿರುತ್ತದೆ. ಪಿನೊ ನ್ವಾರ್ ಎಂಬ ದ್ರಾಕ್ಷಿಯ ರೆಡ್ ವೈನಿಗೆ ಬೇಕಾದದ್ದು 13ರಿಂದ 15 ಡಿಗ್ರಿ.

ಈ ದ್ರಾಕ್ಷಿಯ ಸಿಪ್ಪೆ ತೆಳು. ವೈನಿಗೆ ಬಣ್ಣ, ಒಗರು ಬರುವುದು ಹೆಚ್ಚಾಗಿ ಸಿಪ್ಪೆಯಿಂದ. ಹಾಗಾಗಿ ಶಿರಾಜ್, ಕ್ಯಾಬರ್ನೆ ದ್ರಾಕ್ಷಿಯ ವೈನುಗಳಂತೆ ಇದು ಕಡುಗೆಂಪೂ ಅಲ್ಲ, ಗಟ್ಟಿಯೂ ಅಲ್ಲ. ಇದರ ಬಂಡವಾಳ ಪರಿಮಳ ಮತ್ತು ಹುಳಿ. ಬಾಟಲಿ ಕಾದರೆ ಮೊದಲು ಹೋಗುವುದು ಅವೇ. ಉಳಿಯುವುದು ಸ್ಪಿರಿಟ್ ಘಾಟು.

ಇದರ ತವರು ಫ್ರಾನ್ಸಿನ ಬರ್ಗಂಡಿ. ಅದರ ನಡುಭಾಗ ಕೋತ್ ದೋರ್, ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಉದ್ದಕ್ಕೆ ಚಾಚಿದ, ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿದ ಇಳಿಜಾರು. ನೆಲ ಸುಣ್ಣಕಲ್ಲಿನದು. ಸುಣ್ಣಕಲ್ಲಿಗೆ ನಮ್ಮ ಸೇಡಂ, ವಾಡಿಗಳಲ್ಲೂ ಬರವಿಲ್ಲ, ಇಲ್ಲದ್ದು ಚಳಿ. ಬರ್ಗಂಡಿ 47 ಡಿಗ್ರಿ ಉತ್ತರ ಅಕ್ಷಾಂಶ, ಕಲಬುರಗಿ 17. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ವರ್ಷಕ್ಕೆ ಒಂದೇ ಕೊಯ್ಲು. ನಮ್ಮ ಸೀಮೆಯಲ್ಲಿ ಬಳ್ಳಿ ಮಲಗುವುದೇ ಇಲ್ಲ, ಅದಕ್ಕೇ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಚಾಟನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಪಿನೊ ನ್ವಾರ್ ಬೇಗ ಚಿಗುರುವ ತಳಿಯಾದ್ದರಿಂದ ಚಳಿನಾಡಿನಲ್ಲೂ ಅದಕ್ಕೆ ಕಾಟ ತಪ್ಪಿದ್ದಲ್ಲ. 2021ರ ಏಪ್ರಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಗುವಾಗ ಬೆಳೆಗಾರರು ತೋಟದ ಸಾಲುಗಳ ನಡುವೆ ರಾತ್ರಿಯಿಡೀ ದೊಡ್ಡ ಮೇಣದ ಡಬ್ಬಿಗಳನ್ನು ಉರಿಸಿದ್ದರು.

ಬರ್ಗಂಡಿಯ ಲೇಬಲ್ ಮೇಲೆ ಬಹಳ ಸಲ ದ್ರಾಕ್ಷಿಯ ಹೆಸರೇ ಇರುವುದಿಲ್ಲ, ಜಾಗದ ಹೆಸರಿರುತ್ತದೆ. ಬರೀ 'ಬೂರ್ಗೋನ್' ಎಂದಿದ್ದರೆ ಇಡೀ ಪ್ರಾಂತ್ಯದ್ದು. ವೊಲ್ನೆ, ಪೊಮ್ಮಾರ್ ಎಂದಿದ್ದರೆ ಒಂದು ಊರಿನದು. ಅದಕ್ಕಿಂತ ಮೇಲಿನ ದರ್ಜೆ 'ಪ್ರೆಮಿಯೆ ಕ್ರೂ', ಎಲ್ಲಕ್ಕೂ ಮೇಲೆ 'ಗ್ರಾಂ ಕ್ರೂ'. ಇವು ಹೆಚ್ಚಾಗಿ ಇಳಿಜಾರಿನ ನಡುಮಟ್ಟದ ಹೊಲಗಳು, ಅಲ್ಲಿ ನೀರು ನಿಲ್ಲುವುದಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆ. ಮೊದಲ ಬಾಟಲಿಗೆ ಇಷ್ಟು ದುಬಾರಿ ಬೇಕಿಲ್ಲ. ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೊದ್ದು ತಗೊಳ್ಳಿ, ಹೆಚ್ಚಾಗಿ ತಿರುಪು ಮುಚ್ಚಳ ಇರುತ್ತದೆ, ಕಾರ್ಕಿನ ಮುಗ್ಗಲು ವಾಸನೆಯ ಭಯವಿಲ್ಲ.

ಖರೀದಿ ಡಿಸೆಂಬರ್-ಜನವರಿಯಲ್ಲಿ ಮುಗಿಸಿ. ಅಂಗಡಿಯ ಗಾಜಿನ ಶೋಕೇಸಿನಲ್ಲಿ, ಲೈಟಿನ ಕೆಳಗೆ ನಿಂತ ಬಾಟಲಿ ಬೇಡ, ಒಳಗಿನ ಡಬ್ಬದಿಂದ ಕೊಡಿ ಎನ್ನಿ. ಕಾರ್ಕ್ ಬಾಯಿಯ ಅಂಚಿಗಿಂತ ಮೇಲೆದ್ದಿದ್ದರೆ, ಕ್ಯಾಪ್ ಸುತ್ತ ಅಂಟು ಜಿನುಗಿದ್ದರೆ ಅದು ಎಲ್ಲೋ ಕಾದು ಉಬ್ಬಿದ ಮಾಲು, ಬಿಟ್ಟುಬಿಡಿ. ಬೆಂಗಳೂರಿನಿಂದ ತರುವುದಾದರೆ ರಾತ್ರಿ ರೈಲಿನಲ್ಲಿ, ಥರ್ಮಾಕೋಲ್ ಡಬ್ಬಿಯಲ್ಲಿ ತನ್ನಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನ ಕಳೆದ ವೈನ್ ಬೇಯಿಸಿದ ಹಣ್ಣಿನ ಜಾಮ್ ವಾಸನೆ ಹೊಡೆಯುತ್ತದೆ, ಆಮೇಲೆ ಎಷ್ಟು ತಣ್ಣಗೆ ಮಾಡಿದರೂ ಸರಿಹೋಗದು.

ಮನೆಯಲ್ಲಿ ಫ್ರಿಜ್ಜೇ ಗತಿ. ಬಾಟಲಿಗೆ ಟವೆಲ್ ಸುತ್ತಿ ಕೆಳಗಿನ ತರಕಾರಿ ಡ್ರಾಯರಿನಲ್ಲಿ ಮಲಗಿಸಿ. ಕೆಲವು ತಿಂಗಳು ಏನೂ ಆಗುವುದಿಲ್ಲ. ಬಾಗಿಲಿನ ತಟ್ಟೆ ಬೇಡ, ತೆರೆದಾಗಲೆಲ್ಲ ಬಿಸಿ ತಾಗುತ್ತದೆ. ವೈನ್ ಕೂಲರ್ ಕೊಳ್ಳುವವರು ಕಂಪ್ರೆಸರ್ ಇದೆಯೇ ಎಂದು ಮೊದಲು ಕೇಳಿ. ಕಂಪ್ರೆಸರ್ ಇಲ್ಲದ ಸಣ್ಣ ಮಾದರಿಗಳು ಹೊರಗಿನ ಬಿಸಿಗಿಂತ 15–20 ಡಿಗ್ರಿಯಷ್ಟೇ ಇಳಿಸಬಲ್ಲವು. ಹೊರಗೆ 42 ಇದ್ದರೆ ಒಳಗೆ 22ರ ಕೆಳಗೆ ಬಾರದು, ದುಡ್ಡು ದಂಡ.

ಫ್ರಿಜ್‌ನಿಂದ ತೆಗೆದ ಬಾಟಲಿ ತೀರಾ ತಣ್ಣಗಿದ್ದು ಪರಿಮಳ ಮುದುಡಿರುತ್ತದೆ. ಬೇಸಿಗೆಯಲ್ಲಿ 30–40 ನಿಮಿಷ ಹೊರಗಿಟ್ಟರೆ ಸಾಕು. ಹೊರಗಿದ್ದ ಬಾಟಲಿಯಾದರೆ ಫ್ರಿಜ್‌ನಲ್ಲಿ ಎರಡೂವರೆ ಗಂಟೆ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಕುತ್ತಿಗೆವರೆಗೆ ಮುಳುಗಿಸಿ, 20 ನಿಮಿಷ. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ತಡವಾಗುತ್ತದೆ. ಫ್ರೀಜರಿಗೆ ಹಾಕಿ ಮರೆತರೆ ವೈನ್ ಹೆಪ್ಪುಗಟ್ಟಿ ಕಾರ್ಕನ್ನು ಹೊರಗೆ ನೂಕುತ್ತದೆ.

ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಗ್ಲಾಸ್ ಬೇಕು. ಒಂದು ಸಲಕ್ಕೆ 80–100 ಮಿ.ಲೀ. ಮಾತ್ರ, ಗ್ಲಾಸಿನ ವೈನ್ ನಮ್ಮ ಸೆಕೆಗೆ ಬೇಗ ಬಿಸಿಯಾಗುತ್ತದೆ. ಬಾಟಲಿ ಬಕೆಟ್ಟಿನ ಪಕ್ಕದಲ್ಲೇ ಇರಲಿ, ನಡುನಡುವೆ ಅದ್ದಿ ತೆಗೆಯಿರಿ. ಫ್ಯಾನಿನ ಗಾಳಿಗೆ ನೇರ ಕೂತರೆ ಪರಿಮಳ ನಿಮಗಿಂತ ಮೊದಲು ಫ್ಯಾನಿಗೆ ಸಿಗುತ್ತದೆ.

ಊಟದ ಮಾತು. ಖಾರ ಹೆಚ್ಚಾದಷ್ಟೂ ಆಲ್ಕೋಹಾಲಿನ ಉರಿ ಎದ್ದು ಕಾಣುತ್ತದೆ, ಆದ್ದರಿಂದ ಕೆಂಪು ಖಾರದ ಚಟ್ನಿ ದೂರವಿಡಿ. ಪುಂಡಿ ಪಲ್ಯವೂ ಹೊಂದದು: ಅದರ ಹುಳಿ ವೈನಿನ ಹುಳಿಯನ್ನು ಮೀರಿ ವೈನ್ ಸಪ್ಪೆ ಎನಿಸುತ್ತದೆ. ಶೇಂಗಾ, ಗುರೆಳ್ಳು ತುಂಬಿದ ಎಣ್ಣೆಗಾಯಿಗೆ ಖಾರ ಅರ್ಧ ಮಾಡಿ ಜೋಳದ ರೊಟ್ಟಿಯ ಜೊತೆ ತಿಂದರೆ ಸೊಗಸು. ಹದವಾದ ಮಸಾಲೆಯ ಮಟನ್ ತಹರಿಯೂ ಆದೀತು. ಅಣಬೆ ಸಿಕ್ಕರೆ ಬೆಣ್ಣೆ, ಕಾಳುಮೆಣಸಿನಲ್ಲಿ ಹುರಿಯಿರಿ, ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ತೆರೆದ ಕೂಡಲೇ ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ, ಅಂಗಡಿಗೆ ವಾಪಸ್ ಕೊಡಿ. ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆಯಿದ್ದರೂ ಹಾಗೆಯೇ. ಚೆನ್ನಾಗಿದ್ದು ಉಳಿದರೆ ಬಿಗಿಯಾಗಿ ಮುಚ್ಚಿ, ಫ್ರಿಜ್‌ನಲ್ಲಿ ನಿಲ್ಲಿಸಿ ಎರಡು ದಿನದೊಳಗೆ ಮುಗಿಸಿ. ಮೂರನೇ ದಿನದ್ದು ಮಟನ್ ನೆನೆಹಾಕಲು ಆಗುತ್ತದೆ, ಅರ್ಧ ಕಿಲೋಗೆ 100 ಮಿ.ಲೀ. ಸಾಕು.