ತೂಕದ ಯಂತ್ರವೇ ಸಿಲಿಂಡರ್ ಮಾಪಕವಾಯಿತು: ನನ್ನ ಅನುಭವ

ಸಿಲಿಂಡರಿನಲ್ಲಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಮೊಬೈಲಿನಲ್ಲಿ ತೋರಿಸುವ ನಿಸ್ತಂತು ಮಾಪಕವೊಂದನ್ನು ಮನೆಯ ಹಳೆಯ ಡಿಜಿಟಲ್ ತೂಕದ ಯಂತ್ರದಿಂದಲೇ ಮಾಡುತ್ತೇನೆ ಎಂದಾಗ, ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯರೇ ಅದು ಆಗದ ಕೆಲಸ ಎಂದಿದ್ದರು. ಜನ ಒಂದು ನಿಮಿಷ ನಿಂತು ಇಳಿಯಲೆಂದು ಮಾಡಿದ, ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಡ್ ಸೆಲ್‌ಗಳ ಮೇಲೆ ಮೂವತ್ತು ಕಿಲೋ ಭಾರ ಹಗಲಿರುಳು ಕುಳಿತರೆ ರೀಡಿಂಗ್ ಜಾರುತ್ತಲೇ ಹೋಗುತ್ತದೆ ಎಂಬುದು ಅವರ ವಾದವಾಗಿತ್ತು, ಮತ್ತು ಆ ವಾದದಲ್ಲಿ ಹುರುಳಿತ್ತು. ಈಗ ಅದೇ ಸೆಲ್‌ಗಳ ಮೇಲೆ ನಾಲ್ಕನೆಯ ಸಿಲಿಂಡರ್ ಕುಳಿತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಯಂತ್ರದ ಮೂಲ ಬೋರ್ಡನ್ನೇ ಉಳಿಸಿಕೊಂಡು ಅದರಿಂದ ಅಂಕಿ ಕದಿಯಲು ಹೊರಟದ್ದು ನನ್ನ ಮೊದಲ ತಪ್ಪು. ಅದು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಆರಿಹೋಗುತ್ತಿತ್ತು. ಮತ್ತೆ ಎಬ್ಬಿಸಿದರೆ ಮೇಲಿರುವ ಭಾರವನ್ನೇ ಸೊನ್ನೆ ಎಂದು ಹಿಡಿಯುತ್ತಿತ್ತು. ಎರಡು ವಾರ ವ್ಯರ್ಥವಾದ ಮೇಲೆ ಆ ಬೋರ್ಡನ್ನು ಕಿತ್ತು, ನಾಲ್ಕೂ ಸೆಲ್‌ಗಳನ್ನು ಒಂದೇ ಸರ್ಕ್ಯೂಟಿನ ಸೇತುವೆಯಾಗಿ (ಬ್ರಿಡ್ಜ್) ಜೋಡಿಸಿ, ಅವುಗಳ ಸಣ್ಣ ಸಂಕೇತವನ್ನು ಅಂಕಿಯಾಗಿಸುವ ಚಿಪ್ ಆದ ಎಚ್‌ಎಕ್ಸ್ 711ಕ್ಕೆ ಕೊಟ್ಟೆ. ಅದು ಸರಿಹೋಗುವಷ್ಟರಲ್ಲಿ, ತುಂಬಿದ ಸಿಲಿಂಡರನ್ನು ಕೊಂಚ ಜೋರಾಗಿ ಇಳಿಸಿದ್ದರಿಂದ ಮೇಲಿನ ಗಾಜು ಪುಡಿಪುಡಿಯಾಯಿತು. ಗಾಜಿನ ಬದಲು 18 ಮಿಲಿಮೀಟರ್ ಪ್ಲೈವುಡ್ ಹಾಕಿದೆ. ಸೆಲ್‌ಗಳನ್ನು ನೇರವಾಗಿ ಮರಕ್ಕೆ ಒತ್ತಿ ಕೂರಿಸಿದ್ದರಿಂದ ಅವುಗಳ ನಡುವಿನ ಲೋಹದ ನಾಲಿಗೆ ಭಾರಕ್ಕೆ ಬಾಗಲು ಜಾಗವೇ ಇಲ್ಲದೆ, ಹತ್ತು ಕಿಲೋ ಇಟ್ಟರೂ ಅಂಕಿ ಅಲುಗಲಿಲ್ಲ. ಹೊರಚೌಕಟ್ಟಿಗೆ ಮಾತ್ರ ಆಧಾರ ಸಿಗುವಂತೆ ನಾಲ್ಕು ಮಿಲಿಮೀಟರ್ ದಪ್ಪದ ತುಂಡುಗಳನ್ನು ಕತ್ತರಿಸಿ ಅಂಟಿಸಿದ ಮೇಲೆ ಅದು ಉಸಿರಾಡಿತು.

ಬ್ಯಾಟರಿಯ ವಿಷಯದಲ್ಲಿ ನಾನು ಹೆಚ್ಚು ಹಣ ಕಳೆದುಕೊಂಡೆ. ಯುಎಸ್‌ಬಿ ಇರುವ ಇಎಸ್‌ಪಿ 8266 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ಬೋರ್ಡನ್ನು ಹಾಗೆಯೇ ಬಳಸಿದಾಗ, ಅದು ಗಾಢ ನಿದ್ರೆಯಲ್ಲಿದ್ದರೂ ಅದರ ರೆಗ್ಯುಲೇಟರ್ (ವೋಲ್ಟೇಜ್ ಹದಗೊಳಿಸುವ ಭಾಗ) ಮತ್ತು ದೀಪ ಕರೆಂಟ್ ಕುಡಿಯುತ್ತಲೇ ಇದ್ದು, 18650 ಲಿಥಿಯಂ ಬ್ಯಾಟರಿ ಸೆಲ್ ಎಂಟು ದಿನಕ್ಕೇ ಬರಿದಾಯಿತು. ಬೋರ್ಡ್ ಬಿಟ್ಟು ಬರಿಯ ಇಎಸ್‌ಪಿ ಮಾಡ್ಯೂಲಿಗೆ ಇಳಿದು, ತಾನು ಕಡಿಮೆ ಕರೆಂಟ್ ಕುಡಿಯುವ ಎಚ್‌ಟಿ 7333 ರೆಗ್ಯುಲೇಟರ್ ಹಾಕಿದೆ. ವೈಫೈ ಎಚ್ಚರಗೊಳ್ಳುವ ಕ್ಷಣದ ಹಸಿವನ್ನು ತಾಳಿಕೊಳ್ಳಲು ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇಟ್ಟೆ. ಎಚ್‌ಎಕ್ಸ್ 711ರ ಕ್ಲಾಕ್ (ಅಂಕಿ ಓದಲು ತಾಳ ಕೊಡುವ) ತಂತಿಯನ್ನು 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಹೈ (ಹೆಚ್ಚಿನ ವೋಲ್ಟೇಜ್) ಸ್ಥಿತಿಯಲ್ಲಿಟ್ಟರೆ ಅದೂ ಮಲಗುತ್ತದೆ. ಇಎಸ್‌ಪಿ ಮಲಗಿದೊಡನೆ ಆ ತಂತಿ ಹಿಡಿದಿಡುವವರಿಲ್ಲದೆ ಅನಾಥವಾಗಿ, ಚಿಪ್ ಮತ್ತೆ ಎಚ್ಚರಗೊಳ್ಳಬಹುದು ಎಂಬುದು ನನಗೆ ತಡವಾಗಿ ಹೊಳೆಯಿತು. ಹತ್ತು ಕಿಲೋಓಮ್‌ನ ಒಂದು ರೆಸಿಸ್ಟರಿನಿಂದ ಅದನ್ನು ಹೈ ಸ್ಥಿತಿಗೆ ಕಟ್ಟಿದ ಮೇಲೆ ಅದೇ ಸೆಲ್ ಆರು ತಿಂಗಳು ದಾಟಿದೆ, ಇನ್ನೂ 3.8 ವೋಲ್ಟ್ ತೋರಿಸುತ್ತಿದೆ. ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟಿರುವುದರಿಂದ ಗಂಟೆಗೊಮ್ಮೆ ಎದ್ದು ಎಂಕ್ಯೂಟಿಟಿ ಎಂಬ ಹಗುರ ಸಂದೇಶ ವಿಧಾನದಲ್ಲಿ ತೂಕ ಕಳುಹಿಸಿ ಮಲಗಲು ಅದಕ್ಕೆ ಮೂರು ಸೆಕೆಂಡು ಸಾಕು. ಉಳಿದ ಲೆಕ್ಕವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲಿನ ಹೋಮ್ ಅಸಿಸ್ಟೆಂಟ್ ತಂತ್ರಾಂಶ ನೋಡಿಕೊಳ್ಳುತ್ತದೆ.

ಸುರಕ್ಷತೆಯ ಬಗ್ಗೆ ನಾನು ರಾಜಿಯಾಗಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ನೆಲದಲ್ಲಿ ಲೋಡ್ ಸೆಲ್‌ಗಳು ಮತ್ತು ಎಚ್‌ಎಕ್ಸ್ 711 ಮಾತ್ರ ಇದ್ದು, ಬ್ಯಾಟರಿ ಮತ್ತು ಇಎಸ್‌ಪಿ ಇರುವ ಮುಚ್ಚಿದ ಡಬ್ಬಿ ಕಟ್ಟೆಗಿಂತ ಮೇಲೆ ಗೋಡೆಯಲ್ಲಿದೆ. ಕಿಡಿ ಹಾರಿಸಬಹುದಾದ ರಿಲೇ, ಸ್ವಿಚ್ ಯಾವುದೂ ಇಲ್ಲ. ಬ್ಯಾಟರಿ ಚಾರ್ಜ್ ಮಾಡಬೇಕಾದಾಗ ಬೇರೆ ಕೋಣೆಗೆ ಒಯ್ಯುತ್ತೇನೆ.

ಮೊದಲ ಸಿಲಿಂಡರಿನಲ್ಲಿ ಅಂಕಿಗಳು ಒಮ್ಮೊಮ್ಮೆ 200 ಗ್ರಾಂ ಜಿಗಿಯುತ್ತಿದ್ದವು. ಒಂದು ವಾರ ಪ್ರೋಗ್ರಾಮಿನಲ್ಲಿ ಹುಡುಕಿದೆ. ತಪ್ಪಿದ್ದದ್ದು ಕಿತ್ತಳೆ ಬಣ್ಣದ ಪೈಪಿನಲ್ಲಿ: ಬಿಗಿಯಾಗಿದ್ದ ಪೈಪ್ ಗೋಡೆಗೆ ಒತ್ತಿಕೊಂಡು ಸಿಲಿಂಡರನ್ನು ಸ್ವಲ್ಪ ಎತ್ತಿ ಹಿಡಿಯುತ್ತಿತ್ತು. ಎಲ್ಲಿಯೂ ತಾಗದಂತೆ ಸಿಲಿಂಡರನ್ನು ಒಂದು ಗೇಣು ಸರಿಸಿದ ಮೇಲೆ ಆ ಕಾಟ ನಿಂತಿತು. ಇನ್ನು ಮಧ್ಯಾಹ್ನದ ಸೆಕೆಗೂ ಬೆಳಗಿನ ತಂಪಿಗೂ ಸುಮಾರು 100 ಗ್ರಾಂ ವ್ಯತ್ಯಾಸ ಬರುತ್ತಿದ್ದುದರಿಂದ, ಒಲೆ ಹೊತ್ತಿಸುವ ಮೊದಲು, ಬೆಳಗಿನ ನಾಲ್ಕು ಗಂಟೆಯ ಅಂಕಿಯನ್ನಷ್ಟೇ ದಿನದ ಲೆಕ್ಕಕ್ಕೆ ಹಿಡಿಯುತ್ತೇನೆ. ಗೆಳೆಯರು ಹೆದರಿಸಿದ ಜಾರುವಿಕೆಯೂ ನಿಜವೇ, ಆದರೆ ಅದು ಹೊಸ ಸಿಲಿಂಡರ್ ಇಟ್ಟ ಮೊದಲ ಮೂರು ದಿನ ಹೆಚ್ಚು, ಆಮೇಲೆ ಕ್ರಮಬದ್ಧ. ಅದನ್ನು ಕಳೆಯಲು ನಾನು ಬಳಸುವ ಸೂತ್ರವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎರಡು ಸಿಲಿಂಡರ್‌ಗಳ ಅಂಕಿಗಳನ್ನು ಗ್ರಾಫ್ ಹಾಕಿ ನೋಡಿದವರಿಗೆ ಅದು ಕಾಣದೆ ಇರದು.

ಕೈಗೆ ಅಂಕಿ ಸಿಕ್ಕ ಮೇಲೆ ಅಡುಗೆಮನೆಯಲ್ಲಿ ಪ್ರಯೋಗ ಮಾಡದಿರಲಾಗಲಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಸುಮಾರು 280 ಗ್ರಾಂ ಅನಿಲ ಖರ್ಚಾಗುತ್ತದೆ, 14.2 ಕಿಲೋ ಐವತ್ತು ದಿನ ಬರುತ್ತದೆ. ಹುರುಳಿಕಾಳನ್ನು ರಾತ್ರಿ ನೆನೆಸಿಟ್ಟು ಬೇಯಿಸಿದ ದಿನಗಳನ್ನೂ ನೆನೆಸದೆ ಬೇಯಿಸಿದ ದಿನಗಳನ್ನೂ ಕೆಲವು ವಾರ ಹೋಲಿಸಿದಾಗ ಮೂವತ್ತು ನಲವತ್ತು ಗ್ರಾಂ ಉಳಿತಾಯ ಕಂಡಿತು. ನನ್ನ ಸೆಲ್‌ಗಳ ಅಲುಗಾಟವೇ ಇಪ್ಪತ್ತು ಗ್ರಾಂ ಇರುವುದರಿಂದ ಒಂದು ದಿನದ ಅಂಕಿಯನ್ನು ನಾನು ನಂಬುವುದಿಲ್ಲ.

ಈಗಿರುವ ಮಾಪಕಕ್ಕೆ ತೂಕದ ಯಂತ್ರವನ್ನು ಬಿಟ್ಟು ಆರುನೂರು ರೂಪಾಯಿಯ ಆಸುಪಾಸು ಆಗಿದೆ. ಸುಟ್ಟ ಒಂದು ಮಾಡ್ಯೂಲ್, ಕೆಟ್ಟ ಎರಡು ಬ್ಯಾಟರಿ ಸೆಲ್ ಸೇರಿದರೆ ಸಾವಿರ ದಾಟುತ್ತದೆ. ಸಿಲಿಂಡರಿನ ಖಾಲಿ ತೂಕ ಒಂದೊಂದರಲ್ಲಿ ಒಂದೊಂದು ಇರುವುದರಿಂದ, ಹಿಡಿಕೆಯ ಪಟ್ಟಿಯ ಮೇಲೆ ಬರೆದ ಅಂಕಿಯನ್ನು ಪ್ರತಿ ಬಾರಿ ಮೊಬೈಲಿನಲ್ಲಿ ನಾನೇ ತುಂಬುತ್ತೇನೆ. ಎರಡು ಕಿಲೋಗೆ ಇಳಿದಾಗ ಬುಕ್ ಮಾಡುವಂತೆ ಸಂದೇಶ ಬರುತ್ತದೆ. ಮೂರನೆಯ ಸಿಲಿಂಡರಿನ ಉರಿ ಬೆಳಗಿನ ಕಾಫಿಯ ಹೊತ್ತಿಗೆ ನಿಂತಾಗ ಮೊಬೈಲ್ 110 ಗ್ರಾಂ ಎಂದು ತೋರಿಸುತ್ತಿತ್ತು, ತುಂಬಿದ ಸಿಲಿಂಡರ್ ಹಿಂದಿನ ದಿನವೇ ಬಂದು ಬಾಗಿಲ ಬಳಿ ನಿಂತಿತ್ತು.