ಕೊಳೆ ಔಷಧಿ ಅಳತೆ ಕೇಳಿದರೆ ಎಐ ಏನು ಹೇಳಬೇಕು? ನನ್ನ ಅನುಭವ

ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ನಮ್ಮ ಸಣ್ಣ ತಂಡ ಒಂದು ಎಐ ಸಹಾಯಕ ಮಾಡಿದೆ. ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿದರೆ ಸಾಕು, ಕನ್ನಡದಲ್ಲೇ ಮಾತಿನ ಉತ್ತರ ಬರುತ್ತದೆ. ಯಾವ ಮಾಡೆಲ್ ಬಳಸಿದಿರಿ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಕನ್ನಡ ಮಾತನ್ನು ಬರಹಕ್ಕೆ ಇಳಿಸೋಕೆ ಸರ್ಕಾರದ ಭಾಷಿಣಿ ಇದೆ, ಐಐಟಿ ಮದ್ರಾಸಿನ ಎಐ4ಭಾರತ್‌ನವರ ಮುಕ್ತ ಮಾಡೆಲ್‌ಗಳಿವೆ. ನಮಗೆ ಜಾಸ್ತಿ ಸಮಯ ಹಿಡಿದಿದ್ದು ಜನ ಹೇಗೆ ಕೇಳುತ್ತಾರೆ ಅಂತ ತಿಳಿಯೋಕೆ, ಮತ್ತೆ ಯಂತ್ರ ಎಲ್ಲಿ ಸುಮ್ಮನಿರಬೇಕು ಅಂತ ತೀರ್ಮಾನಿಸೋಕೆ.

ಅದಕ್ಕೇ ಕೋಡ್ ಬರೆಯೋ ಮುಂಚೆ ತೋಟದ ಮನೆಗಳಿಗೆ ಹೋಗಿ ಜಗಲಿ ಮೇಲೆ ಕೂತೆವು. ಮಳೆಗಾಲದಲ್ಲೇ ಹೋದೆವು, ಅಡಿಕೆ ಕಾಯಿ ಕೊಳೆತು ಉದುರೋ ಕೊಳೆ ರೋಗದ ಕಾಟ ಇರೋದು ಆವಾಗಲೇ ಅಲ್ವಾ. "ಕೊಳೆ ರೋಗದ ನಿರ್ವಹಣೆ ಹೇಗೆ" ಅಂತ ಪುಸ್ತಕದ ಭಾಷೆಯಲ್ಲಿ ಯಾರೂ ಕೇಳಲ್ಲ. "ತಮ್ಮಾ, ಮಳೆ ಸ್ವಲ್ಪ ಹೊಳವಾಗಿದೆ, ಕೊನೆಗೌಡ ನಾಳೆ ಬರ್ತೀನಿ ಅಂದಿದಾನೆ, 200 ಲೀಟರ್ ಡ್ರಮ್ಮಿಗೆ ಸುಣ್ಣ ಎಷ್ಟು ಹಾಕಲಿ?" ಅಂತ ಕೇಳುತ್ತಾರೆ. ಹೊಳವು ಅಂದರೆ ಮಳೆಯ ಬಿಡುವು, ಕೊನೆಗೌಡ ಅಂದರೆ ಮರ ಹತ್ತಿ ಔಷಧಿ ಹೊಡೆಯೋನು. ಹಿಂದೆ ತಗಡಿನ ಮೇಲೆ ಮಳೆ ಸದ್ದು ಬೇರೆ. ಒಂದೇ ಉಸಿರಿನಲ್ಲಿ ಮಳೆ, ಆಳು, ಅಳತೆ ಮೂರೂ ಬರುತ್ತವೆ. ಇದರಲ್ಲಿ ಅಳತೆ ತಪ್ಪಿದರೆ ಫಸಲಿಗೇ ಪೆಟ್ಟು.

ಕೊಳೆ ಔಷಧಿ ಅಂದರೆ ಬೋರ್ಡೋ ದ್ರಾವಣ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಪ್ಲಾಸ್ಟಿಕ್ ಡ್ರಮ್ ಆಗಬೇಕು, ಕಬ್ಬಿಣದ್ದು ಬೇಡ. ಆಮೇಲೆ ಹೊಳೆಯೋ ಚಾಕು ಅದ್ದಿ ನೋಡಬೇಕು. ಅದಕ್ಕೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಬೆಳೆ ಸುಡುತ್ತದೆ.

ಇಂಥ ಅಂಕಿಗಳನ್ನು ಭಾಷಾ ಮಾಡೆಲ್, ಅಂದರೆ ಮಾತು ಅರ್ಥ ಮಾಡಿಕೊಂಡು ಉತ್ತರ ಹೆಣೆಯೋ ಎಐ, ತಾನಾಗೇ ಹೇಳೋ ಹಾಗಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡೆವು. ಅದು ಎಷ್ಟು ನಯವಾಗಿ ಮಾತಾಡುತ್ತದೆ ಅಂದರೆ, ತಪ್ಪು ಅಳತೆಯನ್ನೂ ಅಷ್ಟೇ ಧೈರ್ಯವಾಗಿ ಹೇಳಿಬಿಡುತ್ತದೆ. ನಮ್ಮಲ್ಲಿ ಅದರ ಕೆಲಸ ಪ್ರಶ್ನೆ ಯಾವುದು, ಡ್ರಮ್ ಎಷ್ಟು ಲೀಟರಿನದು ಅಂತ ಗುರುತಿಸೋದು ಮಾತ್ರ. ಅಳತೆ ಬರೋದು ಕೃಷಿ ವಿಜ್ಞಾನಿಗಳು ನೋಡಿಕೊಟ್ಟ ಪಟ್ಟಿಯಿಂದ, ಗುಣಾಕಾರ ಮಾಡೋದು ಸಾದಾ ಪ್ರೋಗ್ರಾಂ. ಉತ್ತರ ಕೊಡೋ ಮುಂಚೆ "200 ಲೀಟರಿಗೆ ಕೊಳೆ ಔಷಧಿ ಕೇಳಿದ್ದು, ಹೌದಾ?" ಅಂತ ಒಂದು ಸಲ ಕೇಳುತ್ತದೆ. ಹೌದು ಅಂದ ಮೇಲೆ ಒಂದೊಂದು ಹಂತಕ್ಕೂ ಒಂದೊಂದು ಸಣ್ಣ ಆಡಿಯೋ. ಕೈಯೆಲ್ಲ ಸುಣ್ಣ ಆಗಿರುವಾಗ ಉದ್ದದ ಮೆಸೇಜ್ ಮೇಲೆ ಕೆಳಗೆ ಸರಿಸಿ ಓದೋಕೆ ಆಗುತ್ತಾ?

ಫೋಟೋ ನೋಡಿ ರೋಗ ಹೇಳೋ ಸೌಲಭ್ಯ ಬೇಕು ಅಂತ ತುಂಬಾ ಜನ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಮಬ್ಬು ಬೆಳಕಲ್ಲಿ ತೆಗೆದ ಫೋಟೋದಲ್ಲಿ ಎಲೆಚುಕ್ಕೆ ರೋಗ ಯಾವುದು, ಪೋಷಕಾಂಶ ಕಮ್ಮಿಯಾಗಿ ಬಂದ ಕಲೆ ಯಾವುದು ಅಂತ ಖಚಿತವಾಗಿ ಹೇಳೋದು ಕಷ್ಟ, ಆ ಮಾತು ನಂಬಿ ಸಾವಿರಾರು ರೂಪಾಯಿ ಔಷಧಿಗೆ ಹಾಕೋರು ರೈತರು. ಅಂಥ ಕಡೆ ಯಂತ್ರ "ಇದನ್ನು ತೋಟಕ್ಕೆ ಬಂದು ನೋಡಬೇಕು" ಅಂತ ನೇರವಾಗಿ ಹೇಳಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅನ್ನುತ್ತದೆ, ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರ್ ಕೊಡುತ್ತದೆ. ಔಷಧಿ ಹೊಡೆದ ಮೇಲೆ ತಲೆಸುತ್ತು, ವಾಂತಿ ಅಂತ ಯಾರಾದರೂ ಹೇಳಿದರೆ ಬೇರೆ ಮಾತೇ ಇಲ್ಲ, ಮೊದಲು 108ಕ್ಕೆ ಫೋನ್ ಮಾಡಿ ಅನ್ನುತ್ತದೆ.

ಮಾತಾಡುವಾಗ ಜನ ಮನೆ ಸಾಲದ ವಿಷಯನೂ ಹೇಳಿಬಿಡುತ್ತಾರೆ, ಹಾಗಾಗಿ ಉತ್ತರ ಹೋದ ಕೂಡಲೇ ಆಡಿಯೋ ಅಳಿಸುತ್ತೇವೆ. ಜನ ಎಷ್ಟು ಹೊತ್ತು ಬಳಸಿದರು ಅನ್ನೋ ಲೆಕ್ಕ ನಾವು ಇಡಲ್ಲ. ಔಷಧಿ ಹೊಡೆಸಿ ಆದಮೇಲೆ ಒಪ್ಪಿಗೆ ಇದ್ದವರಿಗೆ ನಾವೇ ಫೋನ್ ಮಾಡಿ, ಹೇಳಿದ್ದು ಅರ್ಥ ಆಯ್ತಾ, ಚಾಕು ಅದ್ದಿ ನೋಡಿದಿರಾ ಅಂತ ವಿಚಾರಿಸುತ್ತೇವೆ.

ಹೀಗೆ ವಿಚಾರಿಸುವಾಗಲೇ ಗೊತ್ತಾಗಿದ್ದು, ಎಷ್ಟೋ ಮನೆಗಳಲ್ಲಿ ತುತ್ತ ಸುಣ್ಣ ಕಲಸೋದು ಹೆಂಗಸರು, ಸ್ಮಾರ್ಟ್‌ಫೋನ್ ಇರೋದು ಗಂಡಸರ ಜೇಬಲ್ಲಿ. ಅದಕ್ಕೆ ಈಗ ಕೀಪ್ಯಾಡ್ ಫೋನಿಂದ ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಫೋನ್ ಬರೋ ಹಾಗೆ ಮಾಡ್ತಾ ಇದ್ದೇವೆ.